ಕಿರಿದಾದ ಮಾತ್ರಕ್ಕೆ ಹೊಸತಾಗುವುದೇ?

ನಮ್ಮ ದೇಶದ ಪೇಟೆಂಟ್ ಕಾನೂನಿನ 3(ಡಿ) ಕಲಮಿನ ವಿವರಣೆಯಲ್ಲಿ ಯಾರ ಕಣ್ಣಿಗೂ ಅಷ್ಟಾಗಿ ಬೀಳದ ಒಂದು ಪದವಿದೆ. ಅದು 'ಕಣಗಾತ್ರ'. ಈಗಾಗಲೇ ತಿಳಿದಿರುವ ವಸ್ತುವಿನ ಕಣಗಾತ್ರವನ್ನು ಬದಲಿಸಿದರೂ, ಅದರ ಪರಿಣಾಮದಲ್ಲಿ ಗಣನೀಯ ವ್ಯತ್ಯಾಸವಿಲ್ಲದಿದ್ದರೆ ಅದನ್ನು ಹಳೆಯ ವಸ್ತುವೆಂದೇ ಪರಿಗಣಿಸಬೇಕು ಎಂಬುದು ಈ ಕಲಮಿನ ತಾತ್ಪರ್ಯ. ನ್ಯಾನೋ ತಂತ್ರಜ್ಞಾನದ ಈ ಕಾಲದಲ್ಲಿ ಆ ಒಂದು ಪದಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ನಾವು ಮನಗಾಣಬೇಕಾಗಿದೆ.

ನ್ಯಾನೋ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು 2008ರಲ್ಲಿ ಟಾಟಾ ಕಂಪೆನಿ ಪ್ರದರ್ಶಿಸಿದ ಪುಟ್ಟ ಕಾರು. ಆದರೆ ವಿಜ್ಞಾನದಲ್ಲಿ ನ್ಯಾನೋಮೀಟರ್ ಎಂದರೆ ಒಂದು ಮೀಟರಿನ ನೂರು ಕೋಟಿ ಭಾಗಗಳಲ್ಲಿ ಒಂದು. ಆ ಗಾತ್ರಕ್ಕಿಳಿದ ವಸ್ತುಗಳ ಗುಣ ಕೆಲವೊಮ್ಮೆ ನಿಜಕ್ಕೂ ಬದಲಾಗುತ್ತದೆ, ಕೆಲವೊಮ್ಮೆ ಬದಲಾಗುವುದಿಲ್ಲ. ವಿವಾದ ಹುಟ್ಟುವುದು ಇಲ್ಲಿಯೇ.

ಪೇಟೆಂಟ್ ಎಂದರೆ ತನ್ನ ಆವಿಷ್ಕಾರದ ಗುಟ್ಟನ್ನು ಬಹಿರಂಗಪಡಿಸಿದವನಿಗೆ ಸರಕಾರ 20 ವರ್ಷಗಳ ಕಾಲ ನೀಡುವ ಏಕಸ್ವಾಮ್ಯ. ಅವಧಿ ಮುಗಿದ ಬಳಿಕ ಅದು ಎಲ್ಲರ ಸೊತ್ತು. ಆದರೆ ಅವಧಿ ಮುಗಿಯುವ ಹೊತ್ತಿಗೆ ಅದೇ ಔಷಧವನ್ನು ಇನ್ನಷ್ಟು ನುಣ್ಣಗೆ ಮಾಡಿ, ಇದು ಹೊಸತೆಂದು ಮತ್ತೆ 20 ವರ್ಷ ಕೇಳಿದರೆ? ರೋಗಿಯ ಕುಟುಂಬಕ್ಕೆ ಅಗ್ಗದ ಔಷಧದ ಬಾಗಿಲು ಮತ್ತೆ ಮುಚ್ಚಿದಂತೆಯೇ ಸರಿ. 1970ರ ಕಾನೂನು ಔಷಧದ ತಯಾರಿಕಾ ವಿಧಾನಕ್ಕೆ ಮಾತ್ರ ಪೇಟೆಂಟ್ ನೀಡುತ್ತಿತ್ತು. ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಂದಕ್ಕೆ ಬದ್ಧವಾಗಿ 2005ರಲ್ಲಿ ಔಷಧಕ್ಕೇ ಪೇಟೆಂಟ್ ನೀಡಬೇಕಾಗಿ ಬಂದಾಗ, ಎಡಪಕ್ಷಗಳ ಒತ್ತಡದ ಫಲವಾಗಿ ಸಂಸತ್ತು ಈ ತಡೆಗೋಡೆಯನ್ನು ನಿರ್ಮಿಸಿತು.

ಅದರ ಅಗತ್ಯ ಬಹುಬೇಗನೆ ಕಂಡುಬಂತು. ಸ್ತನ ಕ್ಯಾನ್ಸರಿಗೆ ಬಳಸುವ ಪ್ಯಾಕ್ಲಿಟ್ಯಾಕ್ಸೆಲ್ ಹಳೆಯ ಔಷಧ. ಅದು ನೀರಿನಲ್ಲಿ ಕರಗದ ಕಾರಣ ಹರಳೆಣ್ಣೆಯಿಂದ ತಯಾರಿಸಿದ ಒಂದು ದ್ರಾವಕದಲ್ಲಿ ಬೆರೆಸಿ ಕೊಡಲಾಗುತ್ತಿತ್ತು. ಇದು ಕೆಲವು ರೋಗಿಗಳಿಗೆ ತೀವ್ರ ಅಲರ್ಜಿ ಉಂಟುಮಾಡುತ್ತಿತ್ತು. ಅಮೇರಿಕದ ಅಬ್ರಾಕ್ಸಿಸ್ ಕಂಪೆನಿಯು ಔಷಧವನ್ನು ಆಲ್ಬುಮಿನ್ ಎಂಬ ಪ್ರೊಟೀನಿಗೆ ಅಂಟಿಸಿ, ಸುಮಾರು 130 ನ್ಯಾನೋಮೀಟರ್ ಗಾತ್ರದ ಕಣಗಳನ್ನಾಗಿ ಮಾಡಿತು. ದ್ರಾವಕ ಬೇಕಿಲ್ಲದಂತಾಯಿತು. 2005ರಲ್ಲಿ ಅಮೇರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು, 2008ರಲ್ಲಿ ಬೆಂಗಳೂರಿನ ಬಯೋಕಾನ್ ಅದನ್ನು ಭಾರತದ ಮಾರುಕಟ್ಟೆಗೆ ತಂದಿತು. ಹೈದರಾಬಾದಿನ ನ್ಯಾಟ್ಕೋ ತನ್ನದೇ ಆದ ಆವೃತ್ತಿಯನ್ನು ಸಿದ್ಧಪಡಿಸಿದ್ದಲ್ಲದೆ, ಪೇಟೆಂಟ್ ನೀಡುವ ಮೊದಲೇ ಅರ್ಜಿಗೆ ಆಕ್ಷೇಪ ಸಲ್ಲಿಸಿತು. 2009ರಲ್ಲಿ ಭಾರತದ ಪೇಟೆಂಟ್ ಕಚೇರಿ ಅಬ್ರಾಕ್ಸಿಸ್‌ನ ಅರ್ಜಿಯನ್ನು ತಿರಸ್ಕರಿಸಿತು.

ಅಬ್ರಾಕ್ಸಿಸ್ ಮಾಡಿದ ಕೆಲಸ ನಿಷ್ಪ್ರಯೋಜಕವೆಂದು ನಾವು ಹೇಳುತ್ತಿಲ್ಲ. ರೋಗಿಗೆ ಅದರಿಂದ ಅನುಕೂಲವಾಗಿದೆ. ಆದರೆ ಅನುಕೂಲ ಬೇರೆ, 20 ವರ್ಷಗಳ ಏಕಸ್ವಾಮ್ಯಕ್ಕೆ ಅರ್ಹತೆ ಬೇರೆ. ಗ್ಲಿವೆಕ್ ಪ್ರಕರಣದಲ್ಲಿ 2013ರ ಎಪ್ರಿಲ್ 1ರಂದು ಸುಪ್ರೀಮ್ ಕೋರ್ಟ್ ಇದನ್ನೇ ಸ್ಪಷ್ಟಪಡಿಸಿತು. ಔಷಧದ ವಿಷಯದಲ್ಲಿ ಪರಿಣಾಮವೆಂದರೆ ರೋಗ ಗುಣಪಡಿಸುವ ಪರಿಣಾಮ ಎಂದು ಅದು ತೀರ್ಪಿತ್ತಿತು. ಇಂತಹ ಕಾನೂನಿನಿಂದ ಸಂಶೋಧನೆಗೆ ಯಾರೂ ಹಣ ಹೂಡುವುದಿಲ್ಲ ಎಂಬುದು ಬಹುರಾಷ್ಟ್ರೀಯ ಕಂಪೆನಿಗಳ ವಾದ. ಪರಿಣಾಮ ಹೆಚ್ಚಿದೆಯೆಂದು ಸಾಬೀತುಪಡಿಸಿದವರಿಗೆ ಕಾನೂನು ಅಡ್ಡಿ ಬರುವುದೇ ಇಲ್ಲ. ಹಾಗಿರುವಾಗ ಈ ಭಯವೇಕೆ?

ಪೇಟೆಂಟ್ ಎಂಬುದೇ ಜನವಿರೋಧಿ ಎಂದು ಭಾವಿಸುವುದೂ ಸರಿಯಲ್ಲ. ಮದ್ರಾಸ್ ಐಐಟಿಯ ಪ್ರೊ. ಟಿ. ಪ್ರದೀಪ್ ಅವರ ತಂಡ ಬೆಳ್ಳಿಯ ನ್ಯಾನೋ ಕಣಗಳಿಂದ ಕುಡಿಯುವ ನೀರಿನ ಕೀಟನಾಶಕವನ್ನು ತೆಗೆಯುವ ವಿಧಾನ ಕಂಡುಹಿಡಿದು ಪೇಟೆಂಟ್ ಪಡೆಯಿತು. ಯುರೇಕಾ ಫೋರ್ಬ್ಸ್ ಕಂಪೆನಿ ಪರವಾನಗಿ ಪಡೆದು 2007ರಲ್ಲಿ ಅದನ್ನು ಮನೆಗಳಿಗೆ ತಲುಪಿಸಿತು. ಅದೇ ತಂಡ ನೀರಿನ ಆರ್ಸೆನಿಕ್ ತೆಗೆಯಲು ರೂಪಿಸಿದ ವಿಧಾನ ಪಶ್ಚಿಮ ಬಂಗಾಳದ ಹಳ್ಳಿಗಳಿಗೆ ಹೋಯಿತು. ಕಾರ್ಖಾನೆಯಿಲ್ಲದ ವಿದ್ಯಾಸಂಸ್ಥೆಯೊಂದು ತನ್ನ ಜ್ಞಾನವನ್ನು ಕಳ್ಳರಿಂದ ಕಾಪಾಡಿಕೊಂಡು ಮಾರುಕಟ್ಟೆಗೆ ಒಯ್ಯಲು ಪೇಟೆಂಟ್ ಬೇಕು. 2007ರಲ್ಲಿ ಕೇಂದ್ರ ಸರಕಾರ ನ್ಯಾನೋ ಮಿಷನ್‌ಗೆಂದು 1000 ಕೋಟಿ ರೂಪಾಯಿ ತೆಗೆದಿರಿಸಿತು. ಅದು ನಮ್ಮೆಲ್ಲರ ತೆರಿಗೆಯ ಹಣ. ಆ ಹಣದಿಂದ ಹುಟ್ಟಿದ ಆವಿಷ್ಕಾರಕ್ಕೆ ಪರವಾನಗಿ ನೀಡುವಾಗ ಬೆಲೆಯ ಷರತ್ತನ್ನೂ ವಿಧಿಸಬೇಕೆಂದು ಕೇಳುವ ಹಕ್ಕು ನಮಗಿದೆ.

ಪೇಟೆಂಟ್ ದೊರೆತದ್ದು ಗುಣಮಟ್ಟದ ಪ್ರಮಾಣಪತ್ರವಲ್ಲ ಎಂಬುದನ್ನೂ ಮರೆಯಬಾರದು. 45 ಕಿಲೋ ಯೂರಿಯಾ ಚೀಲಕ್ಕೆ ಅರ್ಧ ಲೀಟರ್ ಬಾಟಲಿ ಸಮವೆಂದು ಹೇಳಿ 2021ರಲ್ಲಿ ಇಫ್ಕೋ ನ್ಯಾನೋ ಯೂರಿಯಾವನ್ನು ಬಿಡುಗಡೆ ಮಾಡಿತು. ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಎರಡು ವರ್ಷ ಪರೀಕ್ಷಿಸಿದಾಗ ಭತ್ತ ಮತ್ತು ಗೋಧಿಯ ಇಳುವರಿ ಕುಸಿದದ್ದು ಕಂಡುಬಂತು.

ಈಗ ಚಿಂತೆಗೆ ಕಾರಣವಿರುವುದು ಬೇರೆಡೆ. 3(ಡಿ) ಕಲಮು ಹಾಗೆಯೇ ಇದೆ, ಆದರೆ ಅದನ್ನು ಬಳಸುವ ದಾರಿ ಕಿರಿದಾಗುತ್ತಿದೆ. ಪೇಟೆಂಟ್ ನೀಡುವ ಮೊದಲು ಯಾರು ಬೇಕಾದರೂ, ರೋಗಿಗಳ ಸಂಘಟನೆಯೂ ಸಹ, ಶುಲ್ಕವಿಲ್ಲದೆ ಆಕ್ಷೇಪ ಸಲ್ಲಿಸಬಹುದಿತ್ತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ನಿಯಮಗಳನ್ನು ತಿದ್ದಿ ಇದಕ್ಕೆ ಶುಲ್ಕ ವಿಧಿಸಿತು. ಆಕ್ಷೇಪ ವಿಚಾರಣೆಗೆ ಯೋಗ್ಯವೇ ಎಂಬುದನ್ನು ಅಧಿಕಾರಿ ಮೊದಲೇ ತೀರ್ಮಾನಿಸುವ ವ್ಯವಸ್ಥೆಯನ್ನೂ ತಂದಿತು. ಪೇಟೆಂಟ್ ಪಡೆದವರು ಅದನ್ನು ದೇಶದಲ್ಲಿ ಬಳಕೆಗೆ ತಂದಿದ್ದಾರೆಯೇ ಎಂಬ ಹೇಳಿಕೆಯನ್ನು ವರ್ಷಕ್ಕೊಮ್ಮೆ ಸಲ್ಲಿಸಬೇಕಾಗಿತ್ತು. ಅದೇ ತಿದ್ದುಪಡಿಯ ಬಳಿಕ ಮೂರು ವರ್ಷಕ್ಕೊಮ್ಮೆ ಸಲ್ಲಿಸಿದರೆ ಸಾಕು. ಸಂಸತ್ತಿನಲ್ಲಿ ಚರ್ಚೆಯಾಗಿ ಬಂದ ರಕ್ಷಣೆಯನ್ನು ಅಧಿಸೂಚನೆಯ ಮೂಲಕ ದುರ್ಬಲಗೊಳಿಸುವುದು ಪ್ರಜಾಪ್ರಭುತ್ವಕ್ಕೆ ಭೂಷಣವೇ?

ದೊಡ್ಡ ಕಂಪೆನಿಗಳಿಗೆ ಈ ಶುಲ್ಕ ಲೆಕ್ಕಕ್ಕಿಲ್ಲ. ಮನೆಯೊಡತಿಯ ಚಿಕಿತ್ಸೆಗಾಗಿ ಚಿನ್ನ ಅಡವಿಟ್ಟ ಕುಟುಂಬಗಳ ಪರವಾಗಿ ನಿಲ್ಲುವ ಸಂಘಟನೆಗಳಿಗೆ ಅದು ಹೊರೆ. ಕನಿಷ್ಠ ಪಕ್ಷ ರೋಗಿಗಳಿಗೂ ಅವರ ಸಂಘಟನೆಗಳಿಗೂ ಶುಲ್ಕದಿಂದ ವಿನಾಯಿತಿ ನೀಡಬೇಕು. ನಮ್ಮ ಸಂಸದರು ಈ ಬೇಡಿಕೆಯನ್ನು ಸದನದಲ್ಲಿ ಎತ್ತಬೇಕು. ಕಾನೂನು ಮತ್ತು ಔಷಧಶಾಸ್ತ್ರ ಕಲಿಯುತ್ತಿರುವ ನಮ್ಮ ಮಕ್ಕಳೂ ಪೇಟೆಂಟ್ ಅರ್ಜಿಗಳನ್ನು ಓದುವುದನ್ನು ರೂಢಿಸಿಕೊಳ್ಳಲಿ. ಅವು ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ಲಭ್ಯವಿವೆ.