ರೈಗ್ರಾಸ್ ಬೀಜಕ್ಕೆ ಮೊದಲು ರಸಮೇವಿನ ಗುಂಡಿ

ನ್ಯೂಜಿಲೆಂಡಿನ ಹುಲ್ಲುಗಾವಲಿನ ಚಿತ್ರ ನೋಡಿ, ಅಲ್ಲಿನ ಬಹುವಾರ್ಷಿಕ ರೈಗ್ರಾಸ್ ನಮ್ಮ ಹೊಲಕ್ಕೂ ಬಂದೀತೇ ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ಮೇವೇನೋ ಉತ್ತಮವಾದುದೇ. ಎಳೆಯದಿದ್ದಾಗ ಮೃದು, ಸಕ್ಕರೆಯ ಅಂಶವೂ ಹೆಚ್ಚು. ಅಲ್ಲಿಯವರು ಅದನ್ನು ಬಿಳಿ ಕ್ಲೋವರ್ ಜೊತೆ ಬೆಳೆದು ಹಸುಗಳನ್ನು ಮೇಯಿಸುತ್ತಾರೆ. ಮಿಕ್ಕಿದ್ದನ್ನು ಕೊಯ್ದು ಸೈಲೇಜ್, ಅಂದರೆ ರಸಮೇವು ಮಾಡಿಡುತ್ತಾರೆ. ಆದರೆ ಅದು ತಂಪು ಹವೆಯ ಹುಲ್ಲು. 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹುಲುಸಾಗಿ ಬೆಳೆಯುವ ಇದು 30 ದಾಟಿದರೆ ಸೊರಗುತ್ತದೆ; ಬೇರೂ ಆಳಕ್ಕಿಳಿಯದು. ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ನೀರು ಹಾಯಿಸಿ ಅದನ್ನು ಉಳಿಸಹೊರಡುವುದು ದುಬಾರಿ ಹಟವೆಂದೇ ನನ್ನ ಅಭಿಪ್ರಾಯ.

ನೀರಾವರಿಯಿದ್ದವರಿಗೆ ಸಂಕರಣ ನೇಪಿಯರ್ ಇದೆ. ಕಾಂಡದ ತುಂಡು ನೆಟ್ಟ 70-75 ದಿನಕ್ಕೆ ಮೊದಲ ಕೊಯ್ಲು, ಬಳಿಕ ಸುಮಾರು 45 ದಿನಕ್ಕೊಮ್ಮೆ. ಜೊತೆಗೆ ಅಲಸಂದೆ ಇಲ್ಲವೆ ಲೂಸರ್ನ್ ಕೊಡಿ.

ನ್ಯೂಜಿಲೆಂಡಿನವರಿಂದ ನಾವು ಕಲಿಯಬೇಕಾದುದು ಮೇವು ಹೆಚ್ಚಿರುವಾಗ ಕೂಡಿಡುವ ರೂಢಿ. ಮುಂಗಾರಿನ ಮುಸುಕಿನ ಜೋಳವನ್ನು, ಕಾಳು ಹಾಲುದುಂಬಿ ಹಿಟ್ಟುಗಟ್ಟುವ ಹೊತ್ತಿಗೆ ಕೊಯ್ಯಿರಿ. ಒಂದಂಗುಲಕ್ಕೆ ಕತ್ತರಿಸಿ, ಗುಂಡಿಯಲ್ಲಿ ಪದರ ಪದರವಾಗಿ ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಮೇಲೆ ಮಣ್ಣು ಹೇರಿ. ತುಳಿಯುವುದರಲ್ಲಿ ಮಾತ್ರ ಸೋಮಾರಿತನ ಬೇಡ. ಗಾಳಿ ಉಳಿದಲ್ಲಿ ಬೂಷ್ಟು ಖಂಡಿತ; ಬೂಷ್ಟು ಹಿಡಿದುದನ್ನು ಹಸುವಿಗೆ ಹಾಕಬಾರದು. 45 ದಿನದ ಮೇಲೆ ತೆರೆಯಬಹುದು; ಮುಚ್ಚಿಯೇ ಇಟ್ಟರೆ ಬೇಸಿಗೆಯವರೆಗೂ ಕೆಡದು. ಒಂದೆರಡು ಹಸುವಿನವರು ಗುಂಡಿ ತೋಡಬೇಕಾಗಿಯೂ ಇಲ್ಲ, ದಪ್ಪನೆಯ ಪ್ಲಾಸ್ಟಿಕ್ ಚೀಲವೇ ಸಾಕು.