‘ಆ ಮನಿ ಹೆಂಗ?’ ಎಂದು ಕೇಳಿದರೆ

ಕಲಬುರಗಿ ಜಿಲ್ಲೆಯ ಅಂದೋಲಾ ಸೀಮೆಯ ಕರಿಮಣ್ಣಿನಲ್ಲಿ ತೊಗರಿ ಕೊಯ್ಲಾಗುತ್ತಿದ್ದಂತೆ ರಾಶಿ ಮಷಿನ್‌ಗಳು ಊರಿಂದೂರಿಗೆ ಹೊರಡುತ್ತವೆ. ಬಾಡಿಗೆ ಚೀಲದ ಲೆಕ್ಕ. ಗೊತ್ತಿಲ್ಲದ ಊರಿನ ಮನೆಯೊಂದರ ರಾಶಿಗೆ ಹೊರಟ ಟ್ರ್ಯಾಕ್ಟರ್‌ನವನು ಅಲ್ಲಿಗೆ ಹೋಗಿಬಂದವನನ್ನು ಕೇಳುತ್ತಾನೆ: ‘ಅಣ್ಣಾ, ಆ ಮನಿ ಹೆಂಗ?’ ‘ಚಲೋ ಅದ, ಹೋಗು’ ಎಂಬ ಉತ್ತರ ಬರುತ್ತದೆ. ಹಾಗೆಂದವನಿಗೇ ಆ ಮನೆಯಿಂದ ಬಾಕಿ ಬರಬೇಕಿರುತ್ತದೆ! ಬಾಯಿಬಿಟ್ಟರೆ ಬಾಕಿ ಮುಳುಗೀತು, ಚಾಡಿಕೋರ ಅಂದಾರು ಎಂಬ ಅಳುಕು. ಈ ದಾಕ್ಷಿಣ್ಯಕ್ಕೆ ಬೆಲೆ ತೆರುವವನು, ಡೀಸೆಲ್ಲಿಗೆ ಸಾಲ ಮಾಡಿ, ಕೂಲಿಯವರಿಗೆ ಸಂಜೆಯೇ ರೊಕ್ಕ ಕೊಡಬೇಕಾದ ಇನ್ನೊಬ್ಬ ದುಡಿಯುವವ.

ಹಾಗೆಂದು ಬಾಡಿಗೆಯ ಚೌಕಾಸಿ ತಪ್ಪಲ್ಲ. 2022ರಲ್ಲಿ ನೆಟೆರೋಗ ಕಲಬುರಗಿ ಜಿಲ್ಲೆಯ ತೊಗರಿಯನ್ನು ನಿಂತಲ್ಲೇ ಒಣಗಿಸಿತು. ಅಂಥ ವರ್ಷ ರೈತ ‘ಒಂದಿಷ್ಟು ಕಡಿಮಿ ಮಾಡು’ ಎಂದು ಕೇಳದೆ ಇನ್ನೇನು ಮಾಡಿಯಾನು? ಮಷಿನ್ ಹಚ್ಚುವ ಮುಂಚೆ ಎಷ್ಟಾದರೂ ಎಳೆದಾಡಲಿ. ಒಪ್ಪಿಗೆಯಾಗದಿದ್ದರೆ ಮಷಿನ್ ಮುಂದಿನ ಹೊಲಕ್ಕೆ ಹೋಗುತ್ತದೆ. ಆದರೆ ರಾಶಿ ಮುಗಿದು ಚೀಲದ ಬಾಯಿ ಹೊಲಿದ ಮೇಲೆ, ಇಲ್ಲದ ನೆಪ ತೆಗೆದು ‘ಕಾಳು ಒಡದಾವ, ಅರ್ಧಾ ತಗೊಂಡು ನಡಿ’ ಎನ್ನುವುದು ದುಡಿಮೆಯ ಕಳವು. ಇವರಿಬ್ಬರಿಗೂ ಒಂದೇ ಹಣೆಪಟ್ಟಿ ಹಚ್ಚಿದರೆ ಕಷ್ಟದಲ್ಲಿರುವ ರೈತನಿಗೆ ಅನ್ಯಾಯ. ಇಬ್ಬರನ್ನೂ ‘ಚಲೋ’ ಎಂದರೆ ದುಡಿಯುವವನಿಗೆ ಅನ್ಯಾಯ.

ಆದ್ದರಿಂದ ಹೇಳಬೇಕಾದದ್ದು ನಡೆದ ಸಂಗತಿಯನ್ನಷ್ಟೆ: ಮಾತಾದದ್ದು ಎಷ್ಟು, ಕೈಗೆ ಬಂದದ್ದು ಎಷ್ಟು, ಯಾವಾಗ ಬಂತು. ತಡವಾದರೂ ಪೂರಾ ಕೊಟ್ಟಿದ್ದರೆ ಅದನ್ನೂ ಹೇಳಬೇಕು. ಕಾಳು ನಿಜಕ್ಕೂ ಒಡೆದಿದ್ದರೆ ಅದನ್ನೂ. ಹೊಲದ ಮಾಲೀಕನ ಜಾತಿ, ಅವನ ಮನೆಯ ಜಗಳ ಆ ಮಾತಿಗೆ ಬೇಡ.

ಮಾನಹಾನಿ ಕೇಸು ಹಾಕಿಯಾರು ಎಂದು ಹೆದರುವವರಿದ್ದಾರೆ. ಮಾನಹಾನಿಗೆ ಶಿಕ್ಷೆ ಹೇಳುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮೇ ಹತ್ತು ವಿನಾಯಿತಿಗಳನ್ನೂ ಕೊಟ್ಟಿದೆ. ಕೇಳಿದವನ ಒಳಿತಿಗಾಗಿ ಸದ್ಭಾವನೆಯಿಂದ ನೀಡಿದ ಎಚ್ಚರಿಕೆ ಮಾನಹಾನಿಯಲ್ಲ ಎನ್ನುತ್ತದೆ ಹತ್ತನೆಯದು. 1860ರ ದಂಡ ಸಂಹಿತೆಯಲ್ಲೂ ಈ ರಕ್ಷಣೆ ಇತ್ತು. ಕಂಡದ್ದನ್ನು, ಕೇಳಿದವನಿಗೆ, ಕೇಳಿದಷ್ಟೇ ಹೇಳುವವನಿಗೆ ಇದು ಆಸರೆ. ಸಂತೆಯಲ್ಲಿ ನಿಂತು ಬೈಯುವವನಿಗಲ್ಲ.

ಜೇವರ್ಗಿ, ಆಳಂದ, ಅಫಜಲಪುರದ ಮಷಿನ್ ಮಾಲೀಕರಲ್ಲಿ, ಕೂಲಿ ಗುಂಪಿನ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟು: ಕೆಲಸಕ್ಕೆ ಮುಂಚೆ ಬಾಡಿಗೆಯ ಮಾತನ್ನು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಬಂದ ರೊಕ್ಕವನ್ನು ಅದರ ಬೆನ್ನಿಗೇ ಬರೆದಿಡಿ. ಮುಂದಿನವನು ಬಂದು ಕೇಳಿದಾಗ ಅದನ್ನು ನೋಡಿ, ಇದ್ದದ್ದನ್ನು ಇದ್ದಂತೆ ಹೇಳಿ.