ಮುಟ್ಟದೆ ಬಾರಿಸಿದ ಡ್ರಮ್ಮು

ಮಾನ್ಯ ಸಂಪಾದಕರೇ,

ಇದೇ ಆಗಸ್ಟ್ 17ರ ನಿಮ್ಮ ಪತ್ರಿಕೆಯಲ್ಲಿ ನಮ್ಮೂರ ಸ್ವಾತಂತ್ರ್ಯೋತ್ಸವದ ವರದಿ ಓದಿದೆ. ಪ್ರೌಢಶಾಲಾ ವಿದ್ಯಾರ್ಥಿಗಳ ‘ಇಂಪಾದ ಬ್ಯಾಂಡ್ ವಾದನ’ ನೆರೆದವರ ಮನಸೂರೆಗೊಂಡಿತು ಎಂದಿದ್ದೀರಿ. ನೆರೆದವರಲ್ಲಿ ನಾನೂ ಒಬ್ಬ. ಕ್ರೀಡಾಂಗಣದ ಬೇಲಿಗೆ ಒರಗಿ, ಕೊಡೆ ಹಿಡಿದು, ಮಕ್ಕಳಿಂದ ಹತ್ತು ಮಾರು ದೂರದಲ್ಲಿ ನಿಂತಿದ್ದೆ. ನನ್ನ ಮನಸ್ಸೇನೂ ಸೂರೆ ಹೋಗಲಿಲ್ಲ, ಹೊಟ್ಟೆ ಉರಿಯಿತು. ಆ ಇಂಪು ಬಂದದ್ದು ಮಕ್ಕಳ ಕೈಯಿಂದಲ್ಲ ಸ್ವಾಮಿ, ವೇದಿಕೆಯ ಪಕ್ಕ ನಿಲ್ಲಿಸಿದ್ದ ಪಿಕಪ್ ಗಾಡಿಯ ಡಿ.ಜೆ. ಬಾಕ್ಸಿನಿಂದ! ಎಂಟು ಮಕ್ಕಳು ಕೊರಳಿಗೆ ಸೈಡ್ ಡ್ರಮ್ ತೂಗುಹಾಕಿಕೊಂಡು, ಕೋಲುಗಳನ್ನು ಎರಡು ಬೆರಳು ಮೇಲೆಯೇ ಗಾಳಿಯಲ್ಲಿ ಆಡಿಸುತ್ತ ಹೆಜ್ಜೆ ಹಾಕಿದರು. ನಡುವೆ ಒಮ್ಮೆ ಬಾಕ್ಸು ಗೊರಗೊರ ಎಂದು ನಿಂತೇ ಹೋಯಿತು. ಕೋಲುಗಳು ಆಡುತ್ತಲೇ ಇದ್ದವು, ಸದ್ದು ಮಾತ್ರ ಇಲ್ಲ. ಗಣ್ಯರು ಆಗಲೂ ಚಪ್ಪಾಳೆ ತಟ್ಟಿದರು. ನಿಮ್ಮ ವರದಿಗಾರರು ಆ ಹೊತ್ತಿಗೆ ತಿಂಡಿಗೆ ಹೋಗಿದ್ದಿರಬೇಕು.

ಈ ಬ್ಯಾಂಡಿನ ಕಥೆ ನಿಮಗೆ ಹೊಸದಲ್ಲ. ಹಳೆಯ ವಿದ್ಯಾರ್ಥಿಗಳು ಚಂದಾ ಎತ್ತಿ ಕೊಡಿಸಿದ ಸೆಟ್ಟು, ಆಮೇಲೆ ದಾನಿಗಳು ಕೊಟ್ಟ ಟ್ರಂಪೆಟ್ಟುಗಳು, ಅವುಗಳ ಪಾಡಿನ ಬಗ್ಗೆ ಎರಡು ವರ್ಷದ ಹಿಂದೆ ನಾನೇ ಬರೆದ ಕಾಗದ ಎಲ್ಲ ನಿಮಗೆ ಗೊತ್ತು. ಆಗ ಅಚ್ಚು ಮಾಡಲಿಲ್ಲ, ಇರಲಿ. ಆದರೆ ಅದೇ ವೇದಿಕೆಯಲ್ಲಿ ಅದೇ ಶಾಲೆಗೆ ಮತ್ತೊಂದು ‘ಹೊಸ ಬ್ಯಾಂಡ್ ಸೆಟ್’ ಕೊಡುಗೆಯಾಗಿ ಬಂತಲ್ಲ, ಅದರ ಫೋಟೋವನ್ನು ಮೂರು ಕಾಲಮ್ಮಿಗೆ ಹಾಕಿದ್ದೀರಿ. ಹನ್ನೊಂದು ಮಂದಿ ದೊಡ್ಡವರು ಒಂದು ಡ್ರಮ್ಮನ್ನು ಹಿಡಿದುಕೊಂಡಿದ್ದಾರೆ. ಅದನ್ನು ಬಾರಿಸಬೇಕಾದ ಒಂದು ಮಗುವೂ ಚಿತ್ರದಲ್ಲಿಲ್ಲ.

ವರದಿ ಓದಿದ ಮಾರನೆಯ ದಿನ ಶಾಲೆಗೆ ಹೋದೆ. ಹಳೆಯ ಸೆಟ್ಟು ಎಲ್ಲಿ ಎಂದು ಕೇಳಿದರೆ ಬಿಸಿಯೂಟದ ಉಗ್ರಾಣ ತೋರಿಸಿದರು. ಬಾಸ್ ಡ್ರಮ್ಮಿನ ಮೇಲೆ ಮೊಟ್ಟೆಯ ಟ್ರೇಗಳು. ಅಕ್ಕಿ ಮೂಟೆಯ ಸಂದಿಯಲ್ಲಿ ಸೈಡ್ ಡ್ರಮ್ಮುಗಳು, ಎಂಟರಲ್ಲಿ ಐದಕ್ಕೆ ಸ್ಕಿನ್ ಹರಿದಿದೆ, ಅಡಿಯ ಸ್ನೇರ್ ತಂತಿಗಳು ಹಳೇ ಸೊಳ್ಳೆಪರದೆಯ ದಾರದಂತೆ ಜೋತಾಡುತ್ತಿವೆ. ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿನ ಭರಣಿಯೇ ನೀರೊಡೆಯುತ್ತದೆ, ಇನ್ನು ಕಬ್ಬಿಣದ ಬೋಲ್ಟು ಉಳಿದೀತೇ? ತುಕ್ಕು ಹಿಡಿದು ತಿರುಗುವುದನ್ನೇ ಮರೆತಿವೆ. ಪಟ್ಟಿಗಳ ತುಂಬ ಬೂಷ್ಟು. ಬ್ಯೂಗಲ್ಲಿನ ಬಾಯಲ್ಲಿ ಹಸಿರು ಕಿಲುಬು. ಮಕ್ಕಳು ಗಾಳಿಯಲ್ಲಿ ಯಾಕೆ ಕೋಲು ಆಡಿಸಿದರೆಂದು ಅಲ್ಲಿ ತಿಳಿಯಿತು. ಮುಟ್ಟಿದರೆ ಹರಿಯುತ್ತದೆ, ಅದಕ್ಕೆ.

ಟ್ರಂಪೆಟ್ಟಿನದು ಇನ್ನೊಂದು ಪುರಾಣ. ಅದರ ಮೂರು ವಾಲ್ವುಗಳಿಗೆ 1, 2, 3 ಎಂದು ಗುರುತಿರುತ್ತದೆ. ಬಿಚ್ಚಿ ಒರೆಸಿದವರು ಒಂದರ ಮನೆಗೆ ಇನ್ನೊಂದನ್ನು ಇಳಿಸಿದರೆ ಒಳಗಿನ ತೂತುಗಳು ಸರಿಹೊಂದದೆ ಗಾಳಿಯೇ ದಾಟುವುದಿಲ್ಲ. ಇಲ್ಲಿ ಆಗಿರುವುದು ಅದೇ. ಸಾಲದ್ದಕ್ಕೆ ಬಿಗಿಯಾಗಿದೆ ಎಂದು ಯಾರೋ ಪುಣ್ಯಾತ್ಮರು ಕೊಬ್ಬರಿ ಎಣ್ಣೆ ಬಿಟ್ಟಿದ್ದಾರೆ. ನಮ್ಮ ಕಡೆಯ ಚಳಿಗೆ ತಲೆಗೆ ಹಚ್ಚುವ ಎಣ್ಣೆ ಶೀಶೆಯಲ್ಲೇ ಗಟ್ಟಿಯಾಗುತ್ತದೆ, ಪಿಸ್ಟನ್ನಿನೊಳಗೆ ಸುಮ್ಮನಿದ್ದೀತೇ? ಮತ್ತೊಂದಕ್ಕೆ ದೇವರ ಮನೆಯ ದೀಪದ ಕಂಬವೆಂದು ತಿಳಿದು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದಾರೆ. ಹಿತ್ತಾಳೆಯ ಮೇಲೆ ಬಳಿದಿದ್ದ ಲ್ಯಾಕರ್ ಎದ್ದು ಹೋಗಿ ತೊನ್ನು ಹಿಡಿದಂತೆ ಕಾಣುತ್ತಿದೆ. ತಿಕ್ಕಿದವರನ್ನು ನಾನು ಬೈಯುವುದಿಲ್ಲ. ಬೆಳಗಬೇಕು ಎಂಬಷ್ಟಾದರೂ ಅವರಿಗೆ ಅನ್ನಿಸಿತ್ತು.

ನಾನು 1981ರಲ್ಲಿ ಇದೇ ಶಾಲೆಯ ಸೈಡ್ ಡ್ರಮ್ಮಿನವನು. ನಮ್ಮ ಪಿ.ಟಿ. ಮೇಷ್ಟ್ರು ಸೈನ್ಯದಲ್ಲಿದ್ದು ಬಂದವರು. ಆಗ ನಮ್ಮದು ತೊಗಲಿನ ಡ್ರಮ್ಮು. ಮಳೆಗೆ ತೊಗಲು ಸಡಿಲವಾಗಿ ಡಬ್ಬ ಎನ್ನುತ್ತಿತ್ತು, ತಮಟೆಯವರು ಹುಲ್ಲಿನ ಬೆಂಕಿಗೆ ಹಿಡಿದ ಹಾಗೆ ನಾವೂ ಕಾಯಿಸುತ್ತಿದ್ದೆವು. ಮೆರವಣಿಗೆ ಮುಗಿದ ಮೇಲೆ ಸುತ್ತಲ ಬೋಲ್ಟುಗಳನ್ನು ಅರ್ಧ ಸುತ್ತು ಸಡಿಲಿಸದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಬಿಗಿಯುವಾಗ ಒಂದು ಬೋಲ್ಟು ತಿರುಗಿಸಿದರೆ ಮುಂದಿನದು ಅದರ ಎದುರಿನದು, ಪಕ್ಕದ್ದಲ್ಲ. ತಪ್ಪಿದವನಿಗೆ ಅದೇ ಕೋಲಿನಿಂದ ಗೆಣ್ಣಿಗೆ ಏಟು. ಈಗ ಪ್ಲಾಸ್ಟಿಕ್ ಸ್ಕಿನ್ ಬಂದಿದೆ, ಅದು ಮಳೆಗೆ ಹೆದರುವುದಿಲ್ಲ, ಬೆಂಕಿಗೆ ಹೆದರುತ್ತದೆ. ಇದನ್ನು ಹೇಳಿಕೊಡುವವರಿಲ್ಲದೆ ಹೋದ ವರ್ಷ ರಾಜ್ಯೋತ್ಸವದ ಹಿಂದಿನ ದಿನ ಮಕ್ಕಳು ಅಜ್ಜಂದಿರಿಂದ ಕೇಳಿದ ಬುದ್ಧಿ ಉಪಯೋಗಿಸಿ ಡ್ರಮ್ಮನ್ನು ಬಿಸಿಯೂಟದ ಒಲೆಯ ಮುಂದೆ ಹಿಡಿದರು. ಹಪ್ಪಳದಂತೆ ಮುದುರಿತು. ಜವಾಬ್ದಾರಿಯುಳ್ಳವರೊಬ್ಬರ ತೀರ್ಪು: ‘ಚೈನಾ ಮಾಲು, ಇಷ್ಟೇ ಬಾಳಿಕೆ.’

ಚೈನಾ ಅಲ್ಲ ಸ್ವಾಮಿ, ಆ ವಾದ್ಯಗಳ ಮೇಲೆ ಮೀರತ್ ಎಂದು ಕೆತ್ತಿದೆ. ಅಲ್ಲಿನ ಜಾಲಿ ಕೋಠಿಯ ಓಣಿಗಳಲ್ಲಿ ಬ್ರಿಟಿಷರ ಕಾಲದಿಂದ ಹಿತ್ತಾಳೆಯ ತಗಡನ್ನು ಬಗ್ಗಿಸಿ, ಕುಟ್ಟಿ, ಬೆಸೆದು ವಾದ್ಯ ಮಾಡುವ ಮನೆತನಗಳಿವೆ. ನಮ್ಮೂರಿಗೆ ಬಂದದ್ದೇ ಅವುಗಳ ದುರದೃಷ್ಟ.

ಎಂಜಲಿನ ಮಾತನ್ನೂ ಹೇಳಿಬಿಡುತ್ತೇನೆ. ನೀರು ಕುಡಿಯುವ ಲೋಟವನ್ನೂ ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಊರು ನಮ್ಮದು. ಆದರೆ ಇಲ್ಲಿ ನಾಲ್ಕು ಮಕ್ಕಳು ಒಂದೇ ಬ್ಯೂಗಲ್ಲನ್ನು ಒಬ್ಬರಾದ ಮೇಲೊಬ್ಬರು ಊದುತ್ತಾರೆ, ಚಡ್ಡಿಗೆ ಒರೆಸಿದರೆ ಮಡಿಯಾಯಿತು. ಮೌತ್‌ಪೀಸ್ ಕಳಚಿ ಬರುತ್ತದೆ, ಉಗುರು ಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು ಸಣ್ಣ ಬ್ರಷ್ ಆಡಿಸಿದರೆ ಐದು ನಿಮಿಷದ ಕೆಲಸ. ಮಗುವಿಗೊಂದರಂತೆ ಕೊಟ್ಟರೆ ಇನ್ನೂ ಚೆನ್ನ. ನಾನು ನೋಡಿದ ಬ್ಯೂಗಲ್ಲಿನದು ಕಳಚಲೇ ಇಲ್ಲ. ಒಳಗೇ ಕಚ್ಚಿಕೊಂಡಿದೆ, ಸುತ್ತಿಗೆಯಿಂದ ಬಡಿದ ಗುರುತೂ ಇದೆ, ಕೊಳವೆ ಸೊಟ್ಟಗಾಗಿದೆ.

ಇನ್ನು ಈ ವಾದ್ಯಗಳು ಉಗ್ರಾಣದಿಂದ ಹೊರಗೆ ಬರುವುದೇ ಇಲ್ಲವೆಂದುಕೊಳ್ಳಬೇಡಿ. ಬರುತ್ತವೆ, ಮಕ್ಕಳಿಗಲ್ಲ. ಹೋದ ವರ್ಷ ಗಣೇಶೋತ್ಸವದ ಹುಡುಗರು ವಿಸರ್ಜನೆಗೆ ‘ಒಂದು ದಿನದ ಮಟ್ಟಿಗೆ’ ಕೇಳಿದರು, ಶಾಲೆಯವರು ಕೊಟ್ಟರು. ಮಳೆಯಲ್ಲಿ ನೆನೆದು, ಕೆರೆಯ ಏರಿಯ ಮೇಲೆ ಉರುಳಿ, ಝಾಂಜಿನ ಜೋಡಿಯಲ್ಲಿ ಒಂದನ್ನು ಕಳೆದುಕೊಂಡು ಬಂತು ಸೆಟ್ಟು. ಒಂದೇ ಝಾಂಜನ್ನು ಯಾವುದಕ್ಕೆ ಬಡಿಯುವುದು? ದಾಸ್ತಾನು ಪುಸ್ತಕದಲ್ಲಿ ಮಾತ್ರ ಇಂದಿಗೂ ‘1 ಜೊತೆ’ ಎಂದೇ ಇದೆಯಂತೆ. ಪಕ್ಷಭೇದವಿಲ್ಲದೆ ಯಾವ ನಾಯಕರು ಬಂದರೂ ಸ್ವಾಗತಕ್ಕೆ ಬ್ಯಾಂಡು ಬೇಕು. ಪಾಠ ಬಿಡಿಸಿ ಮಕ್ಕಳನ್ನು ಬಸ್‌ ಸ್ಟ್ಯಾಂಡ್ ವೃತ್ತದಲ್ಲಿ ಎರಡೆರಡು ತಾಸು ನಿಲ್ಲಿಸುತ್ತಾರೆ. ಜುಲೈನಲ್ಲಿ ಒಂದು ಅಂಗಡಿಯ ಪ್ರಾರಂಭೋತ್ಸವಕ್ಕೂ ನಿಂತಿದ್ದನ್ನು ಕಣ್ಣಾರೆ ಕಂಡೆ. ಆ ಮಕ್ಕಳಿಗೆ ಸಿಕ್ಕಿದ್ದು ತಲಾ ಒಂದು ಜ್ಯೂಸ್ ಪೊಟ್ಟಣ. ಬಾಡಿಗೆಗೆ ಬರುವ ಮದುವೆ ಬ್ಯಾಂಡಿನವರಿಗಾದರೂ ಊಟ ಹಾಕಿ ಕಳಿಸುತ್ತಾರೆ.

ಕೇಳಿದರೆ ‘ರಿಪೇರಿಗೆ ಅನುದಾನವಿಲ್ಲ’ ಎನ್ನುತ್ತಾರೆ. ಈ ಮಂತ್ರ ಕೇಳಿ ಕೇಳಿ ನನ್ನ ಕಿವಿಯ ಸ್ಕಿನ್ನೂ ಹರಿದಿದೆ. ಹೊಸ ಸೆಟ್ಟಿನ ಹಸ್ತಾಂತರಕ್ಕೆ ಹಾಕಿದ ಫ್ಲೆಕ್ಸುಗಳು, ಹಾರ, ಶಾಲು, ಪೇಟದ ಖರ್ಚಿನಲ್ಲಿ ಐದು ಸ್ಕಿನ್ನು, ಒಂದಿಷ್ಟು ವಾಲ್ವ್ ಎಣ್ಣೆ, ಬಾಗಿಲಿರುವ ಒಂದು ಬೀರು ಬಂದು ಚಿಲ್ಲರೆಯೂ ಉಳಿಯುತ್ತಿತ್ತು. ಆದರೆ ಎಣ್ಣೆಯ ಶೀಶೆ ಹಿಡಿದು ಫೋಟೋ ತೆಗೆಸಿಕೊಳ್ಳಲು ಯಾವ ದಾನಿ ಬರುತ್ತಾನೆ? ಸಂಗೀತ ಶಿಕ್ಷಕರಿಲ್ಲ, ನಿಜ. ದೈಹಿಕ ಶಿಕ್ಷಕರ ಹೆಗಲ ಮೇಲೆ ಹತ್ತು ಕೆಲಸ ಇವೆ ಎಂಬುದೂ ನಿಜವಿರಬಹುದು, ಅದು ನನ್ನ ತಲೆನೋವಲ್ಲ. ನಮ್ಮ ಮೇಷ್ಟ್ರಿಗೆ ಹದಿನೈದು ಕೆಲಸವಿತ್ತು.

ಬ್ಯಾಂಡು ಎಂದರೆ ಪರದೇಶದ್ದು, ನಮಗೇಕೆ ಎಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಒಬ್ಬರು ನನಗೆ ಉಪದೇಶಿಸಿದರು. ಮೈಸೂರು ಅರಮನೆಯಲ್ಲಿ ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎರಡೂ ಇದ್ದವು, ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆ, ಪಿಟೀಲಿನ ಜೊತೆ ಸ್ಯಾಕ್ಸೊಫೋನನ್ನೂ ನುಡಿಸುತ್ತಿದ್ದರು ಎಂದೆ. ಅದೆಲ್ಲ ರಾಜರ ಕಾಲ ಎಂದರು. ಸರಿ, ಈ ಕಾಲಕ್ಕೇ ಬರೋಣ. ಗಣರಾಜ್ಯೋತ್ಸವದ ಹೊತ್ತಿಗೆ ದೆಹಲಿಯಲ್ಲಿ ರಾಷ್ಟ್ರೀಯ ಶಾಲಾ ಬ್ಯಾಂಡ್ ಸ್ಪರ್ಧೆ ನಡೆಯುತ್ತದೆ. ಬ್ರಾಸ್ ಬ್ಯಾಂಡು, ಪೈಪ್ ಬ್ಯಾಂಡು, ಎರಡರಲ್ಲೂ ಹುಡುಗರದು ಹುಡುಗಿಯರದು ಬೇರೆ ಬೇರೆ ವಿಭಾಗ. ಗಾಳಿಯಲ್ಲಿ ಕೋಲಾಡಿಸುವ ವಿಭಾಗವನ್ನೂ ತೆರೆದರೆ ಚಿನ್ನ ನಮ್ಮ ತಾಲ್ಲೂಕಿಗೇ.

ವಾದ್ಯವನ್ನು ಹೇಗೆ ನೋಡಿಕೊಳ್ಳಬೇಕೆಂದು ತಿಳಿಯಲು ಯಕ್ಷಗಾನ ಮೇಳದ ಚೆಂಡೆಯವರನ್ನು ನೋಡಿ, ಬೆಳಗಿನ ಜಾವ ಆಟ ಮುಗಿಸಿ ಕಣ್ಣು ಎಳೆಯುತ್ತಿದ್ದರೂ ಚೆಂಡೆಯನ್ನು ಬಟ್ಟೆಯಲ್ಲಿ ಸುತ್ತಿಯೇ ಲಾರಿ ಹತ್ತುತ್ತಾರೆ. ನಮ್ಮ ಶಾಲೆಯಲ್ಲಿ ಆಯುಧಪೂಜೆಗೆ ಕಂಪ್ಯೂಟರಿಗೆ ಕುಂಕುಮ, ಸಾಹೇಬರ ಬೈಕಿಗೆ ಕುಂಬಳಕಾಯಿ. ಬೀಗ ಹಾಕಿದ ಉಗ್ರಾಣದೊಳಗಿದ್ದ ಡ್ರಮ್ಮಿಗೆ ಒಂದು ಹೂವಿನ ಎಸಳೂ ಇಲ್ಲ.

ನನ್ನ ಬಳಿ ಮೇಷ್ಟ್ರು ಕೊಟ್ಟ ಡ್ರಮ್ಮಿನ ಕೀಲಿ ಇನ್ನೂ ಇದೆ. ಶನಿವಾರ ಮಧ್ಯಾಹ್ನ ಬಂದು ಕಾಸಿಲ್ಲದೆ ರಿಪೇರಿ ಮಾಡಿ, ಎರಡು ಮಕ್ಕಳಿಗೆ ಕಲಿಸಿಯೂ ಕೊಡುತ್ತೇನೆ ಎಂದು ಅರ್ಜಿ ಕೊಟ್ಟೆ. ಮೇಲಿನವರ ಅನುಮತಿ ಬೇಕಂತೆ. ಗಣೇಶೋತ್ಸವದ ಹುಡುಗರಿಗೆ ಯಾವ ಮೇಲಿನವರು ಅನುಮತಿ ಕೊಟ್ಟಿದ್ದರೆಂದು ಕೇಳಿದ್ದಕ್ಕೆ ಉತ್ತರವಿಲ್ಲ.

ಹೊಸ ಸೆಟ್ಟು ಸದ್ಯ ಮುಖ್ಯೋಪಾಧ್ಯಾಯರ ಕೋಣೆಯ ಮೂಲೆಯಲ್ಲಿದೆ, ಪ್ಲಾಸ್ಟಿಕ್ ಕವರು ಕೂಡ ಬಿಚ್ಚಿಲ್ಲ. ಚೌತಿ ಹತ್ತಿರ ಬಂತು. ನಿಮ್ಮ ವರದಿಗಾರರಿಗೆ ಹೇಳಿ, ಈ ಸಲ ವಿಸರ್ಜನೆಯ ಮೆರವಣಿಗೆಗೂ ಬರಲಿ, ಆ ಕವರನ್ನು ಬಿಚ್ಚಿದವರು ಯಾರೆಂದು ಅಲ್ಲೇ ನೋಡಿ ಬರೆಯಬಹುದು.

ಇತಿ,
ಒಬ್ಬ ಹಳೆಯ ಸೈಡ್ ಡ್ರಮ್ಮಿನವ, ಮಲೆನಾಡು
(ಹೆಸರು ಅಚ್ಚು ಮಾಡಬೇಡಿ, ನನ್ನ ಮೊಮ್ಮಗಳು ಅದೇ ಶಾಲೆಯಲ್ಲಿ ಎಂಟನೇ ತರಗತಿಯಲ್ಲಿದ್ದಾಳೆ.)